ಪಾಲಮ್ಮ ಕಡಲಿಗಿಳಿದಳು, ನಾನು ದೋಣಿಯಲ್ಲಿ ಉಳಿದೆ

ಚಳ್ಳಕೆರೆ

ಈ ಪ್ರವಾಸಕ್ಕೆ ಹೋಗಬೇಕಾಗಿದ್ದವನು ನನ್ನ ಮೈದುನ. ಅವನ ಹೆಂಡತಿ ಪಾಲಮ್ಮನ ತಮ್ಮ ಓಬಳೇಶ ಮಲೇಷ್ಯಾದ ಒಂದು ಪುಟ್ಟ ದ್ವೀಪದಲ್ಲಿದ್ದಾನೆ. ಮೊಳಕಾಲ್ಮೂರಿನಿಂದ ಹೋಟೆಲೊಂದರ ಅಡುಗೆಮನೆ ಕೆಲಸಕ್ಕೆಂದು ಹೋದವನು, ಅದು ಹೇಗೋ ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಟಿಕೊಂಡು ಕಡಲೊಳಗೆ ಮುಳುಗುವುದನ್ನು ಕಲಿತ. ಈಗ ಬಂದ ಪ್ರವಾಸಿಗರಿಗೆ ಅದನ್ನೇ ಕಲಿಸುತ್ತಾನೆ. ಅಕ್ಕ ಭಾವ ಒಮ್ಮೆ ಬಂದು ನೋಡಲಿ ಎಂದು ವರ್ಷಗಳಿಂದ ಕರೆಯುತ್ತಿದ್ದ. ಕೊನೆಗೆ ಎಲ್ಲ ಏರ್ಪಾಡೂ ಆದಾಗ ಬೇಸಿಗೆ ಶೇಂಗಾ ಮಾರುಕಟ್ಟೆಗೆ ಬಂದು ಬೀಳುವ ಹೊತ್ತು. ಮೈದುನನ ಎಣ್ಣೆ ಮಿಲ್ಲು ಹಗಲೂ ರಾತ್ರಿ ಗಡಗಡ ಅನ್ನುತ್ತಿತ್ತು.

‘ನನ್ ಕೈಲಾಗಲ್ಲ ಅತ್ತಿಗೆ. ಶಾಲೆಗೆ ಹೆಂಗೂ ರಜ ಐತೆ, ಪಾಸ್‌ಪೋರ್ಟೂ ಐತೆ. ನೀವೇ ಅವಳನ್ನ ಕರ್ಕಂಡು ಹೋಗಿಬರ್ರಿ’ ಅಂದ.

ನಾನು ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣದ ಮೇಡಮ್ಮು. ಪಾಸ್‌ಪೋರ್ಟ್ ಮಾಡಿಸಿದ್ದು ಹಿರಿಯರ ಓಟದ ಸ್ಪರ್ಧೆಯೊಂದಕ್ಕೆ ಹೊರದೇಶಕ್ಕೆ ಹೋಗುತ್ತೇನೆಂಬ ಆಸೆಯಿಂದ. ಆ ಸ್ಪರ್ಧೆ ನನ್ನನ್ನು ಬಿಟ್ಟೇ ನಡೆದುಹೋಯಿತು. ಸುಮ್ಮನೆ ಕೂರುವುದು ನನಗೆ ಬರುವುದಿಲ್ಲ. ಬಸ್ಸು ತಡವಾದರೆ ಸ್ಟ್ಯಾಂಡಿನ ಉದ್ದಕ್ಕೂ ಓಡಾಡುತ್ತೇನೆ. ಮನೆಯಲ್ಲಿ ಟೀವಿಯನ್ನೂ ನಿಂತೇ ನೋಡುತ್ತೇನೆ. ಅತ್ತೆ ಬದುಕಿದ್ದಾಗ ‘ಇವಳ ಅಂಗಾಲಿಗೆ ಯಾರೋ ಮೆಣಸಿನಕಾಯಿ ಸವರ್‍ಯಾರೆ’ ಅನ್ನುತ್ತಿದ್ದರು.

ಪಾಲಮ್ಮ ನನ್ನ ವಾರಗಿತ್ತಿ. ನನಗಿಂತ ಎಂಟೊಂಬತ್ತು ವರ್ಷ ಚಿಕ್ಕವಳು. ಅವಳು ಈ ಮನೆಗೆ ಬಂದಂದಿನಿಂದ ನನ್ನನ್ನು ಕೇಳದೆ ಒಂದು ಕೆಲಸ ಮಾಡಿದವಳಲ್ಲ. ‘ಅಕ್ಕ, ಸಾರಿಗೆ ಹುಣಸೆ ಸಾಕಾ?’ ‘ಅಕ್ಕ, ಮಾರ್ಕೆಟ್ಟಿಗೆ ಹೋಗಿಬರ್ಲಾ?’ ನಾನು ಹೂಂ ಅಂದರೆ ಹೂಂ, ಬೇಡ ಅಂದರೆ ಬೇಡ. ಇದು ನನಗೆ ಹಿತವಾಗಿಯೇ ಇತ್ತು. ಅವಳಿಗೆ ಹೇಗಿತ್ತೆಂದು ನಾನು ಯಾವತ್ತೂ ಕೇಳಲಿಲ್ಲ.

ಹೊರಡುವ ಮುಂಚೆ ನನಗಿದ್ದ ಯೋಚನೆ ಇಷ್ಟೇ. ನನ್ನ ತವರು ನನ್ನಿವಾಳ. ಅಪ್ಪನ ಹೊಲದ ಬಾವಿಯಲ್ಲಿ ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತವಳು ನಾನು. ಊರಿನ ಗಂಡುಹುಡುಗರಿಗಿಂತ ಆಳಕ್ಕೆ ಮುಳುಗಿ ತಳದ ಮಣ್ಣು ತಂದು ತೋರಿಸುತ್ತಿದ್ದೆ. ಆ ಬಾವಿಯಲ್ಲಿ ಈಗ ಜಾಲಿ ಬೆಳೆದಿದೆ. ಕಡಲಿಗೆ ಇಳಿಯುವುದೇನಿದ್ದರೂ ನಾನೇ. ಪಾಲಮ್ಮ ದಂಡೆಯ ಮೇಲೆ ಸೀರೆ ಕಾಯುತ್ತ ಕೂರುತ್ತಾಳೆ. ಹೀಗೆಂದು ಅವಳಿಗೂ ಹೇಳಿದ್ದೆ. ಅವಳೂ ‘ಆಗ್ಲಿ ಅಕ್ಕ’ ಅಂದಿದ್ದಳು.

ಕ್ವಾಲಾಲಂಪುರ

ಇಲ್ಲಿ ಇನ್ನೊಂದು ವಿಮಾನಕ್ಕೆ ಕಾಯಬೇಕಿತ್ತು. ನಾನು ನಿಲ್ದಾಣದ ಈ ತುದಿಯಿಂದ ಆ ತುದಿಗೆ ನಡೆಯುತ್ತಲೇ ಇದ್ದೆ. ಸಮವಸ್ತ್ರದ ಹೆಂಗಸೊಬ್ಬಳು ನಾನು ದಾರಿ ತಪ್ಪಿದ್ದೇನೆಂದು ತಿಳಿದು ಬಂದು ಮಾತಾಡಿಸಿದಳು. ದಾರಿ ತೋರಿಸುವಾಗ ಅವಳು ತೋರುಬೆರಳು ಚಾಚಲಿಲ್ಲ. ಬೆರಳುಗಳನ್ನು ಮಡಚಿ ಹೆಬ್ಬೆರಳನ್ನು ಮುಂದೆ ಮಾಡಿ ತೋರಿಸಿದಳು. ಆಮೇಲೆ ಗಮನಿಸಿದರೆ ಅಲ್ಲಿ ಬಹಳ ಜನ ಹಾಗೇ ಮಾಡುತ್ತಾರೆ. ಬೆರಳು ಮಾಡಿ ತೋರಿಸುವುದು ಅಗೌರವವಂತೆ. ದಿನವಿಡೀ ಮಕ್ಕಳತ್ತ ಬೆರಳು ಚಾಚಿ ‘ಏ, ನೀನು, ಬಾ ಇಲ್ಲಿ’ ಅನ್ನುವ ನಾನು ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡೆ.

‘ನಿಮ್ಮ ಸುಆಮಿ ಬಂದಿಲ್ಲವಾ?’ ಅಂತ ಅವಳು ಕೇಳಿದ್ದು ಇಂಗ್ಲಿಷಿನಲ್ಲಿ, ಒಂದು ಪದ ಮಾತ್ರ ಅವಳದು. ಯಾವ ಸ್ವಾಮೀಜಿ ಎಂದು ನಾನು ತಬ್ಬಿಬ್ಬಾದೆ. ಅವರ ಭಾಷೆಯಲ್ಲಿ ಗಂಡನಿಗೆ ಸುಆಮಿ ಅನ್ನುತ್ತಾರೆ. ಪಾಲಮ್ಮನಿಗೆ ತಿಳಿಸಿದಾಗ ಅವಳು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ‘ನಮ್ ಸ್ವಾಮಿ ಮಿಲ್ಲಿನಾಗೆ ಹಿಂಡಿ ಮೂಟೆ ಎಣಿಸ್ತಾ ಕುಂತೈತೆ ಅಂತ ಹೇಳಿ ಅಕ್ಕ.’

ಅವಳು ಇಷ್ಟು ಸಲೀಸಾಗಿ ತಮಾಷೆ ಮಾಡಿದ್ದನ್ನು ನಾನು ಮನೆಯಲ್ಲಿ ಕೇಳಿರಲಿಲ್ಲ.

ದ್ವೀಪದ ಜೆಟ್ಟಿ

ಎರಡನೆಯ ವಿಮಾನ ಇಳಿದು, ಕಾರಿನಲ್ಲಿ ಮೀನುವಾಸನೆಯ ಒಂದು ಊರು ಸೇರಿ, ಅಲ್ಲಿಂದ ವೇಗದ ದೋಣಿ ಹತ್ತಿದೆವು. ಅದು ಅಲೆಯಿಂದ ಅಲೆಗೆ ಎತ್ತಿ ಎತ್ತಿ ಒಗೆಯುತ್ತಿತ್ತು. ಹಾಳಾದ ರಸ್ತೆಯಲ್ಲಿ ಖಾಸಗಿ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತಂತೆ. ಪಾಲಮ್ಮ ‘ಅಮ್ಮೋ, ಅಮ್ಮೋ’ ಎಂದು ತವರುಮನೆಯ ತೆಲುಗಿನಲ್ಲಿ ದೇವರನ್ನು ಕರೆಯುತ್ತ ನನ್ನ ತೋಳಿಗೆ ಉಗುರು ಊರಿದ್ದಳು.

ಜೆಟ್ಟಿಯ ಮೇಲೆ ಓಬಳೇಶ ಬರಿಗಾಲಲ್ಲಿ ನಿಂತಿದ್ದ. ಬಿಸಿಲಿಗೆ ಸುಟ್ಟು ಕರ್ರಗಾಗಿದ್ದ, ತಲೆಗೂದಲು ಉಪ್ಪುನೀರಿಗೆ ಕೆಂಚಾಗಿತ್ತು. ಅಕ್ಕ ತಮ್ಮ ಅಪ್ಪಿಕೊಳ್ಳಲಿಲ್ಲ. ಅವಳು ಅವನ ಮೊಣಕೈ ಹಿಡಿದು, ‘ಏಂ ರಾ, ತಿಂಟುನ್ನಾವಾ ಲೇದಾ? ಉಣ್ತೀಯೋ ಇಲ್ಲವೋ? ಎಲುಬು ಬಿಟ್ಟು ಏನೂ ಇಲ್ಲವಲ್ಲೋ’ ಎಂದು ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಬೈದಳು. ಅವನು ನಗುತ್ತ ನನ್ನತ್ತ ತಿರುಗಿ, ‘ಬರ್ರಿ ದೊಡ್ಡಕ್ಕ. ನಿಮ್ ಬಾವಿ ಮುಂದೆ ಇದು ಹೆಂಗೈತೆ ನೋಡಿ ಹೇಳ್ರಿ’ ಅಂದ.

ಚೆನ್ನಾಗಿತ್ತು. ನೀರು ಎಷ್ಟು ತಿಳಿಯೆಂದರೆ ದೋಣಿಯ ನೆರಳು ತಳದ ಮರಳಿನ ಮೇಲೆ ಕಾಣುತ್ತಿತ್ತು. ಆದರೆ ದ್ವೀಪದಲ್ಲಿ ರಸ್ತೆಯಿಲ್ಲ, ಗಾಡಿಯಿಲ್ಲ. ನಾವಿದ್ದ ದಂಡೆಯನ್ನು ಒಂದು ತುದಿಯಿಂದ ಇನ್ನೊಂದಕ್ಕೆ ನಡೆದರೆ ಮುಗಿದೇ ಹೋಯಿತು. ಮತ್ತೆ ತಿರುಗಿ ಬರಬೇಕು. ಸಂಜೆಯೊಳಗೆ ನಾನು ಅದನ್ನು ಎಷ್ಟು ಸಲ ಅಳೆದೆನೋ. ಒಮ್ಮೆ ಎದುರಿಗೆ ಒಂದು ಉಡ ಬಂತು. ನಮ್ಮ ಕಡೆ ಉಡ ಮನುಷ್ಯರನ್ನು ಕಂಡರೆ ಪೊದೆ ಸೇರುತ್ತದೆ. ಇಲ್ಲಿಯದು ಮಲಗಿದರೆ ನನ್ನಷ್ಟುದ್ದ, ನಾಲಿಗೆ ಚಾಚುತ್ತ ನೆಟ್ಟಗೆ ನಡೆದು ಬಂತು. ನಾನೇ ಪಕ್ಕಕ್ಕೆ ಸರಿದು ದಾರಿ ಬಿಟ್ಟೆ.

ಊಟಕ್ಕೆ ತೆಂಗಿನ ಹಾಲಿನಲ್ಲಿ ಬೆಂದ ಅನ್ನ, ಖಾರದ ಗೊಜ್ಜು, ಒಣಮೀನು, ಜೊತೆಗೆ ಹುರಿದ ಶೇಂಗಾ. ಪಾಲಮ್ಮ ಒಂದು ಕಾಳು ಬಾಯಿಗೆ ಹಾಕಿ ಗಂಭೀರವಾಗಿ ಅಗಿದಳು. ‘ಹುರಿದಿರೋದು ಸಾಲ್ದು. ಒಳಗೆ ಹಸಿ ಉಳ್ದೈತೆ’ ಎಂದು ತೀರ್ಪು ಕೊಟ್ಟು ಎಲ್ಲವನ್ನೂ ಖಾಲಿ ಮಾಡಿದಳು.

ತಿಳಿನೀರಿನ ಕೊಲ್ಲಿ

ಮರುದಿನ ಓಬಳೇಶ ನಮ್ಮಿಬ್ಬರನ್ನೂ ಎದೆಮಟ್ಟದ ನೀರಿಗೆ ಇಳಿಸಿ ಪಾಠ ಮಾಡಿದ. ಮೂಗು ಮುಚ್ಚುವ ಮಾಸ್ಕು, ಬಾತುಕೋಳಿಯ ಪಾದದಂಥ ರಬ್ಬರಿನ ಫಿನ್ನು, ನಡುವಿಗೆ ಸೀಸದ ತೂಕ. ಬಾಯಿಗಿಟ್ಟ ನಳಿಕೆಯಿಂದ ಉಸಿರು ಎಳೆಯಬೇಕು, ಬಿಡಬೇಕು, ಯಾವತ್ತೂ ಹಿಡಿದಿಡಬಾರದು. ನೀರೊಳಗೆ ಮಾತಿನ ಬದಲು ಬಳಸುವ ಕೈಸನ್ನೆಗಳನ್ನೂ ಹೇಳಿಕೊಟ್ಟ. ಪಾಲಮ್ಮನನ್ನು ಇಳಿಸಿದ್ದು ಅವಳು ಒಂದು ಸಲ ನೋಡಲಿ ಎಂದಷ್ಟೇ. ಸೀರೆ ಬಿಟ್ಟು ರಬ್ಬರಿನ ಅಂಗಿ ಹಾಕಲು ಅವಳು ಬೆಳಗಿನಿಂದ ನಾಚಿದ್ದಳು. ಆದರೆ ಪಕ್ಕದಲ್ಲೇ ಅಲ್ಲಿಯ ಹೆಂಗಸರು ಮಣಿಕಟ್ಟಿನವರೆಗೆ ಮೈ ಮುಚ್ಚಿಕೊಂಡು, ತಲೆವಸ್ತ್ರ ಸಮೇತ ನೀರಿನಲ್ಲಿ ಕೇಕೆ ಹಾಕುತ್ತಿದ್ದುದನ್ನು ನೋಡಿ ಅವಳಿಗೆ ಧೈರ್ಯ ಬಂತು. ತಾಳಿಯನ್ನು ಅಂಗಿಯೊಳಗೆ ತುರುಕಿಕೊಂಡು ಇಳಿದಳು.

ಆಳಕ್ಕೆ ಹೋದಂತೆ ಕಿವಿ ಒತ್ತುತ್ತದೆ, ಮೂಗು ಹಿಡಿದು ಮೆಲ್ಲಗೆ ಊದಿದರೆ ಬಿಡುತ್ತದೆ ಎಂದಿದ್ದ ಓಬಳೇಶ. ಆಮೇಲೆ ದೋಣಿಯಲ್ಲಿ ಸ್ವಲ್ಪ ಆಚೆಗೆ ಹೋಗಿ, ಅದಕ್ಕೆ ಕಟ್ಟಿದ ಹಗ್ಗ ಹಿಡಿದು ಮೊದಲು ನಾನು ಇಳಿದೆ. ಎರಡಾಳು ಆಳಕ್ಕೆ ಹೋಗುವಷ್ಟರಲ್ಲಿ ಬಲಗಿವಿಯಲ್ಲಿ ದಬ್ಬಣ ಇಟ್ಟು ತಿರುವಿದಂತಾಯಿತು. ಊದಿದೆ. ಬಿಡಲಿಲ್ಲ. ಮೇಲೆ ಬಂದು, ಮತ್ತೆ ಇಳಿದು, ಹಠ ಹಿಡಿದು ಇನ್ನೂ ಜೋರಾಗಿ ಊದಿದೆ. ಮೇಲೆ ಬಂದು ಮಾಸ್ಕು ತೆಗೆದರೆ ಒಳಗೆ ಮೂಗಿನಿಂದ ಇಳಿದ ರಕ್ತ.

‘ಸಾಕು ದೊಡ್ಡಕ್ಕ’ ಅಂದ ಓಬಳೇಶ.

‘ಇನ್ನೊಂದ್ಸಲ ನೋಡ್ತೀನಿ ತಡಿಯೋ. ಬಾವಿಯಾಗೆ ನಾನು…’

‘ಬಾವಿಯಾಗೆ ಉಸಿರು ಕಟ್ಟಿ ಹೋಗಿ ತಿರುಗಿ ಬರ್ತಿದ್ರಿ. ಇಲ್ಲಿ ಒಳಗೇ ಇರಬೇಕು. ಕಿವಿ ತಮಟೆ ಹರಿದ್ರೆ ಜನ್ಮಕ್ಕೆ ಕೇಳ್ಸಲ್ಲ. ಈ ಸಲ ನಿಮ್ಮನ್ನ ಇಳಿಸಲ್ಲ ನಾನು.’

ನನ್ನ ಹಿಂದೆ ಹಗ್ಗ ಹಿಡಿದು ಇಳಿದ ಪಾಲಮ್ಮ ಮಾತ್ರ ಮೇಲೆ ಬರಲೇ ಇಲ್ಲ. ಅವಳ ಗುಳ್ಳೆಗಳು ಬರುತ್ತಿದ್ದವು, ಒಂದೇ ಸಮ, ಮಗು ನಿದ್ದೆ ಮಾಡುವಾಗಿನ ಉಸಿರಿನಂತೆ. ಓಬಳೇಶ ಇಳಿದು ನೋಡಿದರೆ ಅವಳು ತಳದ ಮರಳಿನ ಮೇಲೆ ಮಂಡಿಯೂರಿ ಒಂದು ಪುಟ್ಟ ಮೀನನ್ನು ನೋಡುತ್ತ ಕೂತಿದ್ದಳಂತೆ. ಈಜು ಬಾರದವಳು. ಮನೆಯಲ್ಲಿ ಸಂಪಿನ ಮುಚ್ಚಳ ತೆಗೆಯಲೂ ಹೆದರುವವಳು.

ಮಧ್ಯಾಹ್ನ ಅವನು ಅವಳ ಕೈ ಹಿಡಿದುಕೊಂಡು ಆಮೆಗಳಿರುವ ಕಡೆಗೆ ಹೋದ. ಬಂದವಳ ಮುಖದ ಮೇಲೆ ಮಾಸ್ಕಿನ ಗುರುತು ಬರೆ ಎಳೆದಂತೆ ಬಿದ್ದಿತ್ತು. ಮಾತು ನಿಲ್ಲಲೊಲ್ಲದು.

‘ಅಕ್ಕ, ಆಮೆ ಹುಲ್ಲು ಮೇಯ್ತಾವೆ ಅಕ್ಕ! ಉಳ್ಳಾರ್ತಿ ಕಾವಲ್‌ನಾಗೆ ದನ ತಲೆ ಬಗ್ಗಿಸಿ ಮೇಯ್ತಾವಲ್ಲ, ಹಂಗೇ. ನಾನು ಪಕ್ಕದಾಗೆ ಹೋದ್ರೂ ತಲೆ ಎತ್ತಲಿಲ್ಲ. ಒಂದು ಸದ್ದಿಲ್ಲ ಅಲ್ಲಿ. ಯಾರೂ ಕರಿಯೋರಿಲ್ಲ.’

ನಾನು ಕಿವಿಗೆ ಹತ್ತಿ ಇಟ್ಟುಕೊಂಡು ಕೇಳುತ್ತಿದ್ದೆ. ಖುಷಿಯಾಗಬೇಕಿತ್ತು. ಆಗಲಿಲ್ಲ. ಎದ್ದು ಮತ್ತೆ ದಂಡೆ ಅಳೆಯಲು ಹೋದೆ.

ಬಂಡೆಯ ಹತ್ತಿರ

ಮೂರನೆಯ ದಿನ ಅವರಿಬ್ಬರೂ ಕೊಲ್ಲಿಯ ಆಚೆ ನೀರಿನಿಂದ ತಲೆ ಎತ್ತಿದ ಒಂದು ಬಂಡೆಯ ಬುಡಕ್ಕೆ ಹೋಗುವುದೆಂದಾಯಿತು. ಹೊರಡುವಾಗ ಪಾಲಮ್ಮ ಹತ್ತಿರ ಬಂದಳು.

‘ನಿಮಗೆ ನೋವೈತೆ. ಇವತ್ತು ನಾನೂ ಇಲ್ಲೇ ಇರ್ಲಾ ಅಕ್ಕ? ಹೋಗ್ಲಾ, ಬ್ಯಾಡಾ?’

‘ಹೋಗು ಹೋಗು. ನನ್ ಮುಖ ನೋಡ್ತಾ ಕುಂತ್ಕಂಡು ಏನ್ ಮಾಡ್ತೀಯಾ?’ ಅಂದೆ. ಅಂದ ರೀತಿ ಸರಿಯಿರಲಿಲ್ಲ. ಅವಳು ಸಪ್ಪಗಾದಳು. ಅದನ್ನು ಸರಿಮಾಡಲೆಂದು ನಾನೂ ದೋಣಿ ಹತ್ತಿದೆ.

ದೋಣಿ ನಡೆಸುವವರು ಪಾಕ್ ಮಾತ್, ಬಿಳಿ ಕುರುಚಲು ಗಡ್ಡದ ಹಿರಿಯರು. ನಾನು ಶಾಲೆಯವಳೆಂದು ಓಬಳೇಶ ಹೇಳಿದ್ದನಾದ್ದರಿಂದ ನನ್ನನ್ನು ‘ಚಿಕ್ಗು’ ಅನ್ನುತ್ತಿದ್ದರು. ಚಿಕ್ಕು ಹಣ್ಣಿನ ಹೆಸರಿಟ್ಟಿದ್ದಾರೆಂದು ನಾನು ಮೊದಲು ಸಿಟ್ಟಾಗಿದ್ದೆ. ಅಲ್ಲಿ ಮೇಷ್ಟ್ರಿಗೂ ಮೇಡಮ್ಮಿಗೂ ಹಾಗೇ ಅನ್ನುವುದು. ನಮ್ಮಿಬ್ಬರ ನಡುವೆ ಇದ್ದದ್ದು ಅವರ ನಾಲ್ಕು ಇಂಗ್ಲಿಷ್ ಪದ, ನಾನು ಕಲಿತ ಎರಡು ಮಲಯ ಪದ: ದುದುಕ್ ಅಂದರೆ ಕೂತ್ಕೊ, ತುಂಗು ಅಂದರೆ ತಡಿ. ಎರಡನ್ನೂ ಅವರು ಮೊದಲ ದಿನದಿಂದ ನನಗೇ ಹೇಳುತ್ತಿದ್ದರು.

ಅಕ್ಕ ತಮ್ಮ ಬೆನ್ನ ಮೇಲಾಗಿ ನೀರಿಗೆ ಉರುಳಿದರು. ಬಂಡೆಯ ಹತ್ತಿರ ಗುಳ್ಳೆಗಳು ಏಳುತ್ತಿದ್ದವು. ನಾನು ಅವುಗಳನ್ನೇ ನೋಡುತ್ತ ನಿಂತೆ. ಆಗ ಗಾಳಿ ತಿರುಗಿತು. ದ್ವೀಪದ ಬೆಟ್ಟದ ಹಿಂದಿನಿಂದ ಕಪ್ಪು ಮೋಡವೊಂದು ಇಷ್ಟು ಹೊತ್ತು ಅಲ್ಲೇ ಬಚ್ಚಿಟ್ಟುಕೊಂಡಿತ್ತೇನೋ ಎಂಬಂತೆ ಎದ್ದು ಬಂತು. ನಮ್ಮ ಕಡೆ ಮಳೆ ಬರುವುದಾದರೆ ದೂರದಿಂದಲೇ ಮಣ್ಣಿನ ವಾಸನೆ ಕಳಿಸಿ ತಿಳಿಸುತ್ತದೆ. ಇಲ್ಲಿ ಏನೂ ಇಲ್ಲ. ಒಂದು ಬಿಳಿ ಪರದೆ ಕಡಲಿನ ಮೇಲೆ ಓಡಿ ಬಂದು ನಮ್ಮನ್ನು ಮುಚ್ಚಿತು. ಅಲೆ ದೋಣಿಯನ್ನು ಬಂಡೆಯತ್ತ ತಳ್ಳಿದಾಗ ಪಾಕ್ ಮಾತ್ ಎಂಜಿನ್ ಜೋರು ಮಾಡಿ ದೂರ ಸರಿಸಲೇಬೇಕಾಯಿತು. ಬಂಡೆ ಕಾಣದಾಯಿತು. ಗುಳ್ಳೆಯಂತೂ ಎಲ್ಲಿ ಕಾಣಬೇಕು.

ಮಳೆ ತೆಳುವಾಗಿ ಬಂಡೆ ಮತ್ತೆ ಕಂಡಾಗ ಅದರ ಸುತ್ತ ಏನೂ ಇರಲಿಲ್ಲ. ಪಾಕ್ ಮಾತ್ ಒಂದು ಸುತ್ತು ಹಾಕಿದರು, ಇನ್ನೊಂದು ಹಾಕಿದರು. ಅವರು ಗಡಿಯಾರ ನೋಡಿಕೊಂಡದ್ದನ್ನು ನಾನು ನೋಡಿದೆ. ಸಿಲಿಂಡರಿನಲ್ಲಿ ಎಷ್ಟು ಹೊತ್ತಿನ ಗಾಳಿ ಇರುತ್ತದೆಂದು ನನಗೂ ಗೊತ್ತಿತ್ತು.

‘ಪಾಲಮ್ಮಾ!’ ಎಂದು ಕೂಗಿದೆ. ನಾಲ್ಕು ನೂರು ಮಕ್ಕಳ ಗದ್ದಲದ ಮೇಲೂ ಕೇಳುವ ಗಂಟಲು ನನ್ನದು. ಮಳೆ ಅದನ್ನು ದೋಣಿಯ ಅಂಚು ದಾಟಲು ಬಿಡಲಿಲ್ಲ.

‘ತುಂಗು, ಚಿಕ್ಗು. ದುದುಕ್’ ಅಂದರು ಪಾಕ್ ಮಾತ್.

ಕೂರುವುದೇ? ಕಾಲ ಬಳಿ ಮಾಸ್ಕು ಬಿದ್ದಿತ್ತು. ಎತ್ತಿ ತಲೆಗೆ ಸಿಕ್ಕಿಸಿಕೊಂಡೆ. ನನಗೆ ಈಜು ಬರುತ್ತದೆ, ಬಂಡೆಯ ಹತ್ತಿರ ಮುಳುಗಿ ನೋಡುತ್ತೇನೆ, ಕಿವಿ ಹರಿದರೆ ಹರಿಯಲಿ. ಅಂಚಿನ ಮೇಲೆ ಕಾಲಿಟ್ಟಾಗ ಹಿಂದಿನಿಂದ ಲೈಫ್ ಜಾಕೆಟ್ಟಿನ ಪಟ್ಟಿ ಹಿಡಿದು ಎಳೆದು ಯಾರೋ ನನ್ನನ್ನು ಹಲಗೆಯ ಮೇಲೆ ಕೂರಿಸಿದರು. ಆ ಮುದುಕರ ಕೈಯಲ್ಲಿ ಅಷ್ಟು ಬಲವಿತ್ತು. ಅವರು ಎರಡು ಬೆರಳು ತೋರಿಸಿ ನೀರಿನತ್ತ ಸನ್ನೆ ಮಾಡಿದರು. ಆಮೇಲೆ ಮೂರನೆಯ ಬೆರಳು ಎತ್ತಿ ನನ್ನನ್ನು ತೋರಿಸಿ, ಅದನ್ನು ಮಡಚಿ, ತಲೆಯಾಡಿಸಿದರು. ಆಗಲೇ ಇಬ್ಬರಿದ್ದಾರೆ, ಮೂರು ಬೇಡ. ಮತ್ತೆ ಗಡಿಯಾರ ನೋಡಿಕೊಂಡರು. ಹೆದರಿದವಳು ನಾನೊಬ್ಬಳೇ ಅಲ್ಲವೆಂದು ಆಗ ತಿಳಿಯಿತು. ಅದರಿಂದ ನನ್ನ ಹೆದರಿಕೆ ಇನ್ನೂ ಹೆಚ್ಚಾಯಿತು.

ಅವರು ವೈರ್‌ಲೆಸ್ಸಿನಲ್ಲಿ ಬೇರೆ ದೋಣಿಗಳನ್ನು ಕರೆಯುತ್ತ ಗಾಳಿಯ ದಿಕ್ಕಿಗೆ ದೋಣಿ ಬಿಟ್ಟರು. ನಾನು ಮುಂಭಾಗದಲ್ಲಿ ಮಂಡಿಯೂರಿ ಪ್ರತಿ ಅಲೆಯನ್ನೂ ನೋಡಿದೆ. ತೆಂಗಿನಕಾಯಿ ತೇಲುತ್ತಿದ್ದರೆ ಅದು ಅವಳ ತಲೆ. ಹರಿದ ಬಲೆಯ ತುಂಡು ಕಂಡರೆ ಅದು ಅವಳ ಕೂದಲು. ಮೈದುನನಿಗೆ ಏನೆಂದು ಹೇಳಲಿ, ಮೊಳಕಾಲ್ಮೂರಿನಲ್ಲಿ ಅವಳ ಅವ್ವನ ಎದುರು ಹೇಗೆ ನಿಲ್ಲಲಿ ಎಂಬ ಯೋಚನೆಗಳೆಲ್ಲ ಬರಬೇಕಿತ್ತು; ಬರಲಿಲ್ಲ. ಒಂದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು. ಹೋಗ್ಲಾ ಬ್ಯಾಡಾ ಎಂದು ಕೇಳಿದ್ದಳು. ಹೋಗು ಹೋಗು ಎಂದಿದ್ದೆ.

ಎಷ್ಟು ಹೊತ್ತು ಹಾಗೆ ಅಲೆದೆವೋ ಗೊತ್ತಿಲ್ಲ. ಮಳೆ ನಿಂತು, ಬಿಸಿಲು ಬಂದು, ಕಡಲು ಏನೂ ಆಗದಂತೆ ಹೊಳೆಯತೊಡಗಿತ್ತು. ವೈರ್‌ಲೆಸ್ಸಿನಲ್ಲಿ ಯಾರೋ ಗೊರಗೊರ ಮಾತಾಡಿದರು. ಪಾಕ್ ಮಾತ್ ಎರಡು ಸಲ ತಿರುಗಿ ಕೇಳಿದರು. ಆಮೇಲೆ ಎಂಜಿನ್ ಬಿಟ್ಟು ಎರಡೂ ಅಂಗೈಯಿಂದ ಮುಖ ಉಜ್ಜಿಕೊಂಡರು. ‘ಚಿಕ್ಗು’ ಎಂದು ಕರೆದು ಎರಡು ಬೆರಳು ಎತ್ತಿ ತೋರಿಸಿದರು. ಎರಡೂ ನೆಟ್ಟಗೆ ನಿಂತಿದ್ದವು.

ಮೀನಿನ ದೋಣಿ

ದ್ವೀಪದ ಬೆನ್ನ ಕಡೆಗೆ ಸಾಲು ಬಲ್ಬುಗಳನ್ನು ತೂಗುಹಾಕಿದ ಮರದ ದೋಣಿಯೊಂದು ನಿಂತಿತ್ತು. ಒಬ್ಬ ಮೀನುಗಾರ, ಅವನ ಹೆಂಡತಿ. ಅವರ ನಡುವೆ ಬಣ್ಣದ ಲುಂಗಿಯೊಂದನ್ನು ಹೊದ್ದು ಪಾಲಮ್ಮ ಕೂತಿದ್ದಳು. ಕೈಯಲ್ಲಿ ಬಾಳೆಹಣ್ಣಿನ ಬಜ್ಜಿ. ನಮ್ಮ ದೋಣಿ ತಾಗುವ ಮುಂಚೆಯೇ ಕೂಗಿದಳು: ‘ಅಕ್ಕಾ, ಬಜ್ಜಿಗೆ ಬಾಳೆಹಣ್ಣು ಹಾಕ್ಯಾರೆ! ಸಿಹಿಯಾಗೈತೆ! ಬರ್ರಿ!’

ನಾನು ಆ ದೋಣಿಗೆ ಹಾರಿದೆ. ಅವಳ ಭುಜ ಹಿಡಿದು ಅಲುಗಿಸಿದೆ. ಏನೇನು ಬೈದೆನೋ ನೆನಪಿಲ್ಲ. ಬೈಯುತ್ತ ಬೈಯುತ್ತ ಮಾತು ಹೋಗಿ ಬರೀ ಅಳು ಬಂತು. ಮೀನುಗಾರನ ಹೆಂಡತಿ ಏನೂ ಕೇಳದೆ ನನ್ನ ಕೈಗೂ ಒಂದು ಬಜ್ಜಿ ಇಟ್ಟಳು.

ಓಬಳೇಶ ಒಂದು ಮೂಲೆಯಲ್ಲಿ ಮೊಣಕಾಲ ನಡುವೆ ತಲೆ ಇಟ್ಟು ಕೂತಿದ್ದ. ನಡೆದದ್ದನ್ನು ಹೇಳಿದವಳು ಪಾಲಮ್ಮ.

‘ಬಂಡೆ ಸುತ್ತ ಚೆನ್ನಾಗಿತ್ತು ಅಕ್ಕ. ಆಮೇಲೆ ನೀರು ಎಳೆಯಕ್ಕೆ ಹತ್ತಿತು. ಸಂತೆ ಲಾರಿ ಹಿಂದ್ಗಡೆ ನಿಂತಂಗೆ, ನಾವು ಸುಮ್ಕಿದ್ರೂ ಬಂಡೆ ಹಿಂದಕ್ಕೆ ಹೋಗ್ತೈತೆ. ಇವನು ನನ್ ಕೈ ಬಿಡಲಿಲ್ಲ. ಮೇಲೆ ಬಂದ್ವಿ. ಬಂದ್ರೆ ದೋಣಿ ಇಲ್ಲ, ದ್ವೀಪ ಇಲ್ಲ, ಮಳೆ ಒಂದೇ. ಇವನು ಕಿತ್ತಳೆ ಬಣ್ಣದ ಉದ್ದನೆ ಬಲೂನು ಊದಿ ಎತ್ತಿ ಹಿಡ್ದ. ಜಾಕೆಟ್ಟಿಗೆ ಗಾಳಿ ತುಂಬಿದ್ದ, ಮುಳುಗಂಗಿರಲಿಲ್ಲ.’

‘ಹೆದ್ರಿಕೆ ಆಗಲಿಲ್ಲೇನೆ?’

‘ಆತು. ಆಮೇಲೆ ಇವನ ಹಲ್ಲು ಕಟಕಟ ಅನ್ನೋದು ಕೇಳ್ತು. ಚಳಿಗಲ್ಲ ಅಕ್ಕ. “ನಿನ್ನ ಕರ್ಕಂಡು ಬಂದು ಸಾಯಿಸ್ಬಿಟ್ಟೆ” ಅಂತ ಅಳಕ್ಕೆ ಹತ್ತಿದ. ಆಗ ನನ್ ಹೆದ್ರಿಕೆ ಎತ್ತಾಗೋ ಹೋತು. ಇವನ ಮುಖ ನನ್ ಕಡೆಗೆ ತಿರುಗಿಸ್ಕಂಡು ಊರಿನ ಸುದ್ದಿ ಎಲ್ಲ ಹೇಳ್ದೆ. ಅವ್ವನ ಎಮ್ಮೆ ಕರು ಹಾಕಿದ್ದು, ಅದಕ್ಕೆ ಇವನ ಹೆಸರೇ ಇಟ್ಟು ಕರಿಯೋದು. ಅದೂ ಇವನಂಗೇ ಹಗ್ಗ ಕಿತ್ಕಂಡು ಓಡ್ತೈತೆ ಅಂದೆ. ಅಳ್ತಾ ಅಳ್ತಾ ನಕ್ಕ. ಅಷ್ಟೊತ್ತಿಗೆ ಇವ್ರು ಬಂದ್ರು.’

ನಾನು ಅವಳನ್ನೇ ನೋಡಿದೆ. ಹದಿನೆಂಟು ವರ್ಷದಿಂದ ಒಂದೇ ಒಲೆಯಲ್ಲಿ ಅಡುಗೆ ಮಾಡುತ್ತಿದ್ದೇವೆ. ಕಡಲಿನ ನಡುವೆ ಇನ್ನೊಬ್ಬರಿಗೆ ಧೈರ್ಯ ಹೇಳಿದ ಈ ಹೆಂಗಸು ಯಾರೆಂದು ನನಗೆ ಗೊತ್ತಿರಲಿಲ್ಲ.

ಮತ್ತೆ ದಂಡೆ

ಸಂಜೆ ಮೈದುನ ವಿಡಿಯೋ ಕಾಲ್ ಮಾಡಿದ. ಹೇಗೆ ಹೇಳುವುದು, ಎಷ್ಟು ಹೇಳುವುದು ಎಂದು ನಾನು ಲೆಕ್ಕ ಹಾಕುತ್ತಿರುವಾಗಲೇ ಪಾಲಮ್ಮ ಫೋನು ತೆಗೆದುಕೊಂಡು ಒಂದನ್ನೂ ಬಿಡದೆ ಹೇಳಿದಳು. ಅವನ ಹಿಂದೆ ಮಿಲ್ಲಿನ ಸದ್ದು. ಅವನ ಬಾಯಿ ತೆರೆದೇ ಇತ್ತು.

‘ನಾಳೇನೇ ಹೊರಟ್ಬರ್ರಿ! ಆ ನೀರಿನ ಸಾವಾಸ ಸಾಕು!’

‘ಟಿಕೆಟ್ ನಾಡಿದ್ದಕ್ಕೈತೆ. ನಾಡಿದ್ದೇ ಬರ್ತೀವಿ’ ಅಂದಳು ಪಾಲಮ್ಮ. ‘ಅಂಗಿ ಬದಲಾಯಿಸ್ರಿ, ಎಣ್ಣೆ ಆಗೈತೆ.’

ಬೆಳಿಗ್ಗೆ ನಾನು ದಂಡೆಯಿಂದ ತಿರುಗಿ ಬಂದಾಗ ಅವಳು ರಬ್ಬರಿನ ಅಂಗಿ ಹಾಕಿಕೊಂಡು ಮೆಟ್ಟಿಲ ಮೇಲೆ ಕೂತಿದ್ದಳು.

‘ಇದೇನೆ ಇದು?’

‘ಹೋಗಿಬರ್ತೀನಿ ಅಕ್ಕ.’

ಹೋಗ್ಲಾ ಎಂದಿರಲಿಲ್ಲ. ನನಗೆ ಅದು ತಕ್ಷಣ ಕಿವಿಗೆ ಬಿತ್ತು, ನೋಯುವ ಕಿವಿಗೂ.

‘ಎಲ್ಲಿಗೂ ಹೋಗಂಗಿಲ್ಲ. ನಿನ್ನೆ ಏನಾತು ಅಂತ ಮರ್ತೋಯ್ತಾ?’

‘ನೆನಪೈತೆ ಅಕ್ಕ. ಅದಕ್ಕೇ ಹೋಗ್ಬೇಕು. ಊರಿಗೆ ಹೋದ್ಮೇಲೆ ನನಗೆ ಕಡಲು ಅಂದ್ರೆ ನಿನ್ನೇದು ಒಂದೇ ಉಳಿದ್ಬಿಡ್ತೈತೆ. ನನಗೆ ಆ ಆಮೆ ಬೇಕು.’ ತಮ್ಮನತ್ತ ಕಣ್ಣು ಹಾಯಿಸಿ ಸೇರಿಸಿದಳು: ‘ಇವನಿಗೂ ಬೇಕು. ರಾತ್ರಿ ಊಟ ಮಾಡಿಲ್ಲ. ಈ ಕೆಲಸ ಬಿಟ್ಬಿಡ್ತೀನಿ ಅಂತ ಕುಂತವ್ನೆ. ನಾನು ಇವತ್ತು ಇಳೀದೇ ಹೋದ್ರೆ ಅವನು ಇನ್ಯಾವತ್ತೂ ಇಳಿಯಲ್ಲ.’

ಓಬಳೇಶ ಸಿಲಿಂಡರುಗಳ ಹತ್ತಿರ ನಿಂತಿದ್ದ. ನಾನು ಏನು ಹೇಳುತ್ತೇನೋ ಎಂದು ನನ್ನ ಮುಖವನ್ನೇ ನೋಡುತ್ತಿದ್ದ. ಬೇಡ ಎನ್ನಲೆಂದು ಅವನು ಕಾಯುತ್ತಿದ್ದನೋ, ಹೂಂ ಎನ್ನಲೆಂದೋ, ಹೇಳಲಾರೆ.

‘ಕೊಲ್ಲಿ ಒಳಗೆ ಮಾತ್ರ’ ಅಂದ ಮೆಲ್ಲಗೆ. ‘ಆಮೆ ಇರೋ ಕಡೆ. ಅಲ್ಲಿ ಎಳೆತ ಇಲ್ಲ ದೊಡ್ಡಕ್ಕ. ಮೂರಾಳು ಆಳ, ಅಷ್ಟೇ.’

‘ಮೇಲಿಂದ ನನಗೆ ಕಾಣ್ತೈತಾ?’

‘ಕಾಣ್ತೈತೆ. ಮಾಸ್ಕು, ಉಸಿರಿನ ಕೊಳವೆ ಹಾಕ್ಕಂಡು ಮೇಲೇ ತೇಲಬಹುದು. ಕಿವಿಗೆ ಏನೂ ಆಗಲ್ಲ.’

‘ಹಂಗಾದ್ರೆ ನಾನೂ ಬರ್ತೀನಿ’ ಅಂದೆ.

ಮುಖ ನೀರಿನೊಳಗಿಟ್ಟು ಕವುಚಿ ತೇಲಿದೆ. ನನ್ನ ಕೆಳಗೆ ಹಸಿರು ಹುಲ್ಲಿನ ಬಯಲು. ಅದರ ಮೇಲೆ ಬಿಸಿಲಿನ ಬಲೆ ಅಲುಗುತ್ತಿತ್ತು. ಆಮೆ ಮೇಯುತ್ತಿತ್ತು, ಪಾಲಮ್ಮ ಹೇಳಿದಂತೆಯೇ, ತಲೆ ಬಗ್ಗಿಸಿ. ಅದರಾಚೆ ಅಕ್ಕ ತಮ್ಮ ಕೈ ಹಿಡಿದು ನಿಧಾನಕ್ಕೆ ಸಾಗುತ್ತಿದ್ದರು. ಅವರು ಬಿಟ್ಟ ಗುಳ್ಳೆಗಳು ಬೆಳ್ಳಿಯ ತಟ್ಟೆಗಳಂತೆ ಅಗಲವಾಗುತ್ತ ಮೇಲೆ ಬಂದು ನನ್ನ ಹೊಟ್ಟೆಗೆ, ಕೆನ್ನೆಗೆ ತಾಗಿ ಒಡೆಯುತ್ತಿದ್ದವು. ನಾನು ಅವರ ಮೇಲೆಯೇ ಇರಲು ಕಾಲು ಬಡಿಯುತ್ತಿದ್ದೆ. ಅವರು ನಿಂತರೂ ನಾನು ಒಂದು ಸುತ್ತು ಹಾಕುತ್ತಿದ್ದೆ.

ಸ್ವಲ್ಪ ಹೊತ್ತಿಗೆ ಪಾಲಮ್ಮ ಅಂಗಾತ ತಿರುಗಿ ಮೇಲೆ ನೋಡಿದಳು. ನನ್ನನ್ನು ಕಂಡು ಕೈ ಬೀಸಿದಳು. ನನಗೆ ಖುಷಿಯಾಗಿ, ಮೈದಾನದಲ್ಲಿ ಚೆನ್ನಾಗಿ ಓಡಿದ ಹುಡುಗಿಗೆ ತೋರಿಸುವಂತೆ ಹೆಬ್ಬೆರಳು ಎತ್ತಿ ತೋರಿಸಿದೆ.

ಅವಳು ತಮ್ಮನ ತೋಳು ತಟ್ಟಿದಳು. ಆಮೆಯತ್ತ ಒಂದು ಸಲ ನೋಡಿದಳು. ಆಮೇಲೆ ಮೆಲ್ಲಗೆ ಮೇಲಕ್ಕೆ ಬರತೊಡಗಿದಳು.

ಏನಾಯಿತೆಂದು ಗಾಬರಿಯಾದೆ. ಆಗ ಹೊಳೆಯಿತು. ನೀರಿನೊಳಗೆ ಹೆಬ್ಬೆರಳು ಮೇಲೆತ್ತಿದರೆ ಶಭಾಷ್ ಎಂದಲ್ಲ, ಮೇಲೆ ಬಾ ಎಂದರ್ಥ. ಪಾಠದ ದಿನ ಓಬಳೇಶ ಹೇಳಿಕೊಟ್ಟಿದ್ದ. ನಾನು ಮರೆತಿದ್ದೆ. ಪಾಲಮ್ಮ ಮರೆತಿರಲಿಲ್ಲ. ಅಕ್ಕ ಬಾ ಅಂದಳು, ಬರುತ್ತಿದ್ದಾಳೆ.

ಬಾಯಲ್ಲಿ ಕೊಳವೆ ಇದ್ದದ್ದೂ ಲೆಕ್ಕಿಸದೆ ಕಿರುಚಿದೆ. ಉಪ್ಪುನೀರು ಗಂಟಲಿಗೆ ಹೋಯಿತು. ಎರಡೂ ಕೈ ಅಡ್ಡಡ್ಡ ಆಡಿಸಿದೆ, ತಲೆಯಾಡಿಸಿದೆ, ಬೇಡ, ಬೇಡ, ಅಲ್ಲ. ಅವಳು ನಡುನೀರಿನಲ್ಲಿ ನಿಂತು ಅರ್ಥವಾಗದೆ ನೋಡಿದಳು. ಕೊನೆಗೆ ನಾನು ಕೈ ಚಾಚಿ, ಎಷ್ಟು ಸಾಧ್ಯವೋ ಅಷ್ಟು ಉದ್ದಕ್ಕೆ ಚಾಚಿ, ಹೆಬ್ಬೆರಳನ್ನು ಕೆಳಮುಖ ಮಾಡಿ ಹುಲ್ಲು ಬಯಲಿನತ್ತ ತೋರಿಸಿದೆ. ಮತ್ತೆ ಮತ್ತೆ ತೋರಿಸಿದೆ.

ಮಾಸ್ಕಿನ ಗಾಜಿನ ಹಿಂದೆ ಅವಳ ಕಣ್ಣುಗಳು ಕಿರಿದಾದವು. ನಗುತ್ತಿದ್ದಳು. ಅವಳ ಬಾಯಿಂದ ಒಮ್ಮೆಲೇ ದೊಡ್ಡ ಗುಳ್ಳೆಗಳ ಗೊಂಚಲು ಬಂತು. ಅವಳು ಮಗ್ಗುಲಾಗಿ, ಬಾಗಿ, ಕಾಲು ಬಡಿದು ಕೆಳಗೆ ಹೋದಳು. ನಾನು ನೀರು ಕುಡಿದ ಗಂಟಲಲ್ಲಿ ಕೆಮ್ಮುತ್ತ, ಅವಳು ಹೋದ ದಿಕ್ಕಿಗೆ ಮೇಲಿನಿಂದಲೇ ಈಜತೊಡಗಿದೆ.